ಯಾವುದು ಮೊದಲು, ಯಾವುದು ಆಮೇಲೆ?

ಒಂದೇ ಖಾತೆಯ ಲೆಕ್ಕವನ್ನು ಎರಡು ಊರಿನ ಎರಡು ಕಂಪ್ಯೂಟರುಗಳು ಇಟ್ಟುಕೊಂಡಿವೆ ಎಂದುಕೊಳ್ಳಿ. ಒಂದರಲ್ಲಿ ಹಣ ಜಮೆಯಾಯಿತು, ಇನ್ನೊಂದರಲ್ಲಿ ಬಡ್ಡಿ ಸೇರಿತು. ಮೊದಲು ನಡೆದದ್ದು ಯಾವುದೆಂದು ತಿಳಿಯದೆ ಬಾಕಿ ಹೇಳುವಂತಿಲ್ಲ. ಗಡಿಯಾರ ನೋಡೋಣವೆಂದರೆ, ಸ್ಫಟಿಕದ ಗಡಿಯಾರ ಹತ್ತು ಲಕ್ಷಕ್ಕೆ ಹತ್ತು ಪಾಲು ತಪ್ಪಿದರೂ ದಿನಕ್ಕೆ 0.86 ಸೆಕೆಂಡು ಆಚೀಚೆಯಾಗುತ್ತದೆ. ಜಾಲದ ಮೂಲಕ ಸರಿಪಡಿಸಬಹುದು; ಆದರೆ ಸರಿಪಡಿಸುವ ಸಂದೇಶವೂ ದಾರಿಯಲ್ಲಿ ಎಷ್ಟು ಹೊತ್ತು ಕಳೆಯಿತೆಂದು ನಿಖರವಾಗಿ ತಿಳಿಯದು. ಹಾಗಾದರೆ ಕ್ರಮವನ್ನು ನಿರ್ಧರಿಸಲು ಗಂಟೆ ನಿಮಿಷಗಳು ಬೇಕೇ ಬೇಕೆ? ಬೇಕಿಲ್ಲ ಎಂಬುದೇ ಗಣಕಶಾಸ್ತ್ರದ ಇತಿಹಾಸ ಕೊಡುವ ಉತ್ತರ.

1975ರಲ್ಲಿ ಪಾಲ್ ಜಾನ್ಸನ್ ಮತ್ತು ರಾಬರ್ಟ್ ಥಾಮಸ್, ದತ್ತಾಂಶದ ಪ್ರತಿ ಬದಲಾವಣೆಗೂ ಸಮಯದ ಮೊಹರು ಹಾಕುವ ವಿಧಾನವೊಂದನ್ನು ಸೂಚಿಸಿದರು. ಅದನ್ನು ಓದಿದ ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್, ಅದರಲ್ಲಿ ಪರಿಣಾಮವು ಕಾರಣಕ್ಕಿಂತ ಮುಂಚಿನ ಮೊಹರು ಪಡೆಯಬಹುದೆಂದು ಗುರುತಿಸಿದರು. ದೂರದೂರದ ಘಟನೆಗಳಿಗೆ ಎಲ್ಲರಿಗೂ ಒಂದೇ ಆದ ‘ಈಗ’ ಇಲ್ಲ, ಯಾವುದು ಯಾವುದರ ಮೇಲೆ ಪ್ರಭಾವ ಬೀರಬಲ್ಲುದು ಎಂಬುದಷ್ಟೇ ಖಚಿತ ಎನ್ನುವ ಐನ್‌ಸ್ಟೈನರ ವಿಶೇಷ ಸಾಪೇಕ್ಷತೆ ಅವರಿಗೆ ದಾರಿ ತೋರಿತು. 1978ರಲ್ಲಿ ಪ್ರಕಟವಾದ ಅವರ ಸೂತ್ರ ಸರಳ: ಪ್ರತಿ ಯಂತ್ರವೂ ಒಂದು ಎಣಿಕೆ ಇಟ್ಟುಕೊಳ್ಳಲಿ, ಪ್ರತಿ ಘಟನೆಗೂ ಅದು ಏರಲಿ. ಸಂದೇಶದೊಡನೆ ಆ ಸಂಖ್ಯೆಯೂ ಹೋಗಲಿ. ಪಡೆದ ಯಂತ್ರ ತನ್ನ ಎಣಿಕೆಯನ್ನು ಅದಕ್ಕಿಂತ ಮುಂದಕ್ಕೆ ಒಯ್ಯಲಿ. ಪತ್ರ ತಲುಪುವ ಮುನ್ನ ಅದಕ್ಕೆ ಉತ್ತರ ಬರೆಯಲಾಗದು. ಆವಕ-ಜಾವಕ ಪುಸ್ತಕ ನೋಡಿದ ಯಾರಿಗೂ ತಿಳಿಯುವ ಈ ಸತ್ಯಕ್ಕೆ ಲ್ಯಾಂಪೋರ್ಟ್ ಗಣಿತದ ರೂಪ ಕೊಟ್ಟರು.

ಚಿಕ್ಕ ಸಂಖ್ಯೆ ಪಡೆದದ್ದೆಲ್ಲ ದೊಡ್ಡದಕ್ಕೆ ಕಾರಣವೇ ಎಂದು ಕೇಳಬಹುದು. ಅಲ್ಲ, ಸಂಬಂಧವೇ ಇಲ್ಲದ ಘಟನೆಗಳಿಗೂ ಅಂಥ ಸಂಖ್ಯೆಗಳು ಬೀಳುತ್ತವೆ. ಈ ಕೊರತೆಯನ್ನು 1988ರ ಸುಮಾರಿಗೆ ಕಾಲಿನ್ ಫಿಜ್ ಮತ್ತು ಫ್ರೀಡೆಮನ್ ಮ್ಯಾಟರ್ನ್ ಬೇರೆಬೇರೆಯಾಗಿ ನೀಗಿಸಿದರು: ಒಂದು ಸಂಖ್ಯೆಯ ಬದಲು ಯಂತ್ರಕ್ಕೊಂದರಂತೆ ಸಂಖ್ಯೆಗಳ ಸಾಲು, ಅಂದರೆ ವೆಕ್ಟರ್ ಗಡಿಯಾರ. ಯಂತ್ರಗಳು ಹೆಚ್ಚಿದಷ್ಟೂ ಸಾಲು ಉದ್ದವಾಗುವುದೇ ಅದರ ಬೆಲೆ. ಇಷ್ಟೆಲ್ಲ ಏಕೆ, ಪರಮಾಣು ಗಡಿಯಾರ ಸಾಲದೆ ಎಂಬುದು ಇನ್ನೊಂದು ಆಕ್ಷೇಪ. ಗೂಗಲ್ 2012ರಲ್ಲಿ ವಿವರಿಸಿದ ಸ್ಪ್ಯಾನರ್ ವ್ಯವಸ್ಥೆ ಜಿಪಿಎಸ್ ಮತ್ತು ಪರಮಾಣು ಗಡಿಯಾರಗಳನ್ನೇ ಬಳಸುತ್ತದೆ. ಆದರೆ ಅದೂ ನಿಖರ ಕ್ಷಣವನ್ನು ಹೇಳುವುದಿಲ್ಲ. ಇಷ್ಟರಿಂದ ಇಷ್ಟರೊಳಗೆ ಎನ್ನುತ್ತದೆ, ಆ ಸಂದೇಹದ ಅವಧಿ ಕಳೆಯುವವರೆಗೆ ಕಾದು ವ್ಯವಹಾರವನ್ನು ಖಾಯಂಗೊಳಿಸುತ್ತದೆ. ಒಳ್ಳೆಯ ಗಡಿಯಾರ ಸಂದೇಹವನ್ನು ಕಿರಿದಾಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಸಂದೇಶವೊಂದು ಹೊರಟು ತಲುಪಿತೆಂಬ ಸಾಕ್ಷ್ಯಕ್ಕೆ ಮಾತ್ರ ಯಾವ ಗಡಿಯಾರದ ಹಂಗೂ ಇಲ್ಲ.