ಭಂಡಾರಿಯ ಕಾಯಕ: ಸಂಸ್ಥೆ ನಡೆಸುವವರ ಹೊಣೆ

(ಶ್ರೀಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಂಸ್ಥೆಯಲ್ಲಿ ವ್ಯವಸ್ಥಾಪಕನ ಪಾತ್ರ ಮತ್ತು ಹೊಣೆ ಎಂಬ ವಿಷಯದ ಮೇಲೆ ಮಾತನಾಡಲು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ಅನುಭಾವ ಗೋಷ್ಠಿಯಲ್ಲಿ ಆಫೀಸಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇಲ್ಲಿ ಕುಳಿತವರಲ್ಲಿ ಶಾಲೆ, ಪ್ರಸಾದ ನಿಲಯ, ಪತ್ತಿನ ಸಹಕಾರಿ ನಡೆಸುವವರು ಬಹಳ ಮಂದಿ ಇದ್ದೀರಿ. ನಿಮ್ಮ ಕೈಯಲ್ಲಿರುವುದು ಸಮಾಜದ ದುಡ್ಡು, ಬಡವರ ಮಕ್ಕಳ ಅನ್ನ.

ಈ ವಿಷಯವನ್ನು ಶಾಸ್ತ್ರವಾಗಿ ಬರೆದ ಮೊದಲಿಗರಲ್ಲಿ ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ ಒಬ್ಬರು. 1916ರಲ್ಲಿ ಪ್ರಕಟವಾದ ಬರಹದಲ್ಲಿ ಅವರು ವ್ಯವಸ್ಥಾಪಕನಿಗೆ ಐದು ಕೆಲಸ ಹೇಳಿದರು: ಯೋಜನೆ, ಸಂಘಟನೆ, ನಿರ್ದೇಶನ, ಸಮನ್ವಯ, ನಿಯಂತ್ರಣ. ಮುಂದೆ ಕೆನಡಾದ ಹೆನ್ರಿ ಮಿಂಟ್ಸ್‌ಬರ್ಗ್ ಐದು ಜನ ಮುಖ್ಯಾಧಿಕಾರಿಗಳ ದಿನಚರಿಯನ್ನು ಹತ್ತಿರದಿಂದ ನೋಡಿ, 1973ರ ತಮ್ಮ ಪುಸ್ತಕದಲ್ಲಿ ಹತ್ತು ಪಾತ್ರಗಳನ್ನು ಗುರುತಿಸಿದರು. ಕೆಲವು ಜನರಿಗೆ, ಕೆಲವು ಮಾಹಿತಿಗೆ, ಕೆಲವು ತೀರ್ಮಾನಕ್ಕೆ ಸಂಬಂಧಪಟ್ಟವು. ನಮ್ಮ ಪ್ರಸಾದ ನಿಲಯದ ವ್ಯವಸ್ಥಾಪಕರನ್ನು ನೋಡಿ. ಬೆಳಿಗ್ಗೆ ಪಂಪು ಕೆಟ್ಟರೆ ಅದಕ್ಕೆ ಓಡಬೇಕು, ಊರಿಂದ ಬಂದ ಪಾಲಕರಿಗೆ ಸಮಾಧಾನ ಹೇಳಬೇಕು, ಮಧ್ಯಾಹ್ನ ಜೋಳದ ದರಕ್ಕೆ ಚೌಕಾಸಿ ಮಾಡಬೇಕು, ಸಂಜೆ ಆಡಳಿತ ಮಂಡಳಿಗೆ ವರದಿ ಕೊಡಬೇಕು. ಪುಸ್ತಕ ಓದದೆಯೂ ಅವರು ಆ ಪಾತ್ರಗಳನ್ನೆಲ್ಲ ನಿರ್ವಹಿಸುತ್ತಾರೆ.

ಆದರೆ ನಮ್ಮ ಸಂಸ್ಥೆಗಳಲ್ಲಿ ಸೊರಗಿರುವುದು ಒಂದೇ ಕೆಲಸ, ಫಯೋಲ್ ಹೇಳಿದ ಕೊನೆಯದು: ನಿಯಂತ್ರಣ. ಇತರರನ್ನು ನಿಯಂತ್ರಿಸುವುದು ಎಲ್ಲರಿಗೂ ಗೊತ್ತು. ತಾನೂ ಲೆಕ್ಕಕ್ಕೆ ಒಳಪಡಬೇಕು ಎಂಬುದು ಮರೆತಿದೆ.

ಇದಕ್ಕೆ ನಾವು ಫ್ರಾನ್ಸಿಗೆ ಹೋಗಬೇಕಿಲ್ಲ. ಅಪ್ಪ ಬಸವಣ್ಣನವರು ಕರಣಿಕರಾಗಿ ಕೆಲಸ ಆರಂಭಿಸಿ ಬಿಜ್ಜಳನ ಭಂಡಾರಿಯಾದವರು. ಲೆಕ್ಕ ಬರೆಯುವವರಾಗಿ ಬಂದು ಖಜಾನೆಯ ಹೊಣೆ ಹೊತ್ತವರು. ಅವರು ರಾಜನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆ ಎಂದು ದೂರು ಹೋಯಿತು, ಭಂಡಾರವನ್ನು ಎಣಿಸಿದಾಗ ಎಲ್ಲವೂ ಸರಿಯಾಗಿತ್ತು ಎಂದು ಬಸವಪುರಾಣದ ಪರಂಪರೆ ಹೇಳುತ್ತದೆ. ಪುರಾಣಕ್ಕೆ ಅದು ಪವಾಡ. ಎಂಜಿನಿಯರನಾದ ನನಗೆ ಅದು ಲೆಕ್ಕಪರಿಶೋಧನೆ. ನನ್ನ ಮೇಲೆಯೇ ಅನುಮಾನವೇ ಎಂದು ಸಿಡುಕದೆ ಬಾಗಿಲು ತೆರೆದು ಎಣಿಸಲು ಬಿಟ್ಟ ಭಂಡಾರಿ ಅವರು.

ಇನ್ನೆರಡು ಮಾತು. ಅನುಭವ ಮಂಟಪಕ್ಕೆ ಬಸವಣ್ಣನವರೇ ಆಧಾರ. ಆದರೂ ಶೂನ್ಯಪೀಠದಲ್ಲಿ ಕುಳಿತವರು ಅಲ್ಲಮಪ್ರಭುಗಳು. ನಡೆಸುವವನು ಬೇರೆ, ಪೀಠದಲ್ಲಿ ಕುಳಿತು ಪ್ರಶ್ನಿಸುವವನು ಬೇರೆ. ಇಂದು ನಾವು ಆಡಳಿತ ಮಂಡಳಿ ಮತ್ತು ವ್ಯವಸ್ಥಾಪಕ ಎಂದು ಬೇರ್ಪಡಿಸುವುದು ಇದನ್ನೇ. ಇನ್ನೊಂದು, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುತ್ತಿದ್ದ ಮಾರಯ್ಯನವರ ಕಥೆ. ಒಂದು ದಿನ ಅವರು ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಬೇಡ, ಮರಳಿ ಕೊಟ್ಟು ಬನ್ನಿ ಎಂದವರು ಅವರ ಪುಣ್ಯಸ್ತ್ರೀ ಲಕ್ಕಮ್ಮ. ಅಳತೆ ತಪ್ಪಿದೆ ಎಂದು ಹೇಳಲು ದೊಡ್ಡ ಹುದ್ದೆ ಬೇಕಾಗಲಿಲ್ಲ.

ಈಗ ನಾನೇ ಕಂಡ ಒಂದು ಸಂಗತಿ. ಯಾವ ಊರು, ಯಾವ ಸಂಸ್ಥೆ ಎಂದು ಹೇಳುವುದಿಲ್ಲ. ವಿದ್ಯಾರ್ಥಿ ನಿಲಯದ ಕಟ್ಟಡವೊಂದನ್ನು ನೋಡಿ ಅಭಿಪ್ರಾಯ ಹೇಳಲು ನನ್ನನ್ನು ಕರೆದಿದ್ದರು. ಚಾವಣಿ 20 ಮೀಟರ್ ಉದ್ದ, 10 ಮೀಟರ್ ಅಗಲ, 125 ಮಿಲಿಮೀಟರ್ ದಪ್ಪ. ಅಂದರೆ 25 ಘನ ಮೀಟರ್ ಕಾಂಕ್ರೀಟು. ಒಂದು, ಒಂದೂವರೆ, ಮೂರರ ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟು, ಒಟ್ಟು 200 ಚೀಲ. ಬಿಲ್ಲಿನಲ್ಲಿದ್ದದ್ದು 260. ಸಿಮೆಂಟು ತರಿಸಿದವರು, ಇಳಿಸಿಕೊಂಡವರು, ಬಿಲ್ಲಿಗೆ ಸಹಿ ಹಾಕಿದವರು ಎಲ್ಲ ಒಬ್ಬರೇ ವ್ಯವಸ್ಥಾಪಕರು. ಮಿಕ್ಕ ಚೀಲ ಆವರಣ ಗೋಡೆಗೆ ಹೋಯಿತು ಎಂದರು. ಗೋಡೆಯೂ ಇತ್ತು. ಆದರೆ ದಾಸ್ತಾನು ಪುಸ್ತಕ ಇರಲಿಲ್ಲ.

ಗೋದಾಮಿನ ಕಾವಲುಗಾರ ಬಾಗಿಲ ಹಿಂದೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಬಂದ ಚೀಲ, ಹೋದ ಚೀಲ ಗುರುತು ಮಾಡಿದ್ದ. ಯಾಕಪ್ಪ, ಯಾರಿಗೂ ತೋರಿಸಲಿಲ್ಲವಾ ಎಂದೆ. “ಯಾರೂ ಕೇಳಲಿಲ್ಲ ಸಾಹೇಬ್ರ” ಎಂದ. ಅವನ ಗೆರೆಗಳೂ ಅರ್ಧ ಅಳಿಸಿದ್ದವು. ಆ ವ್ಯವಸ್ಥಾಪಕರು ತಪ್ಪು ಮಾಡಿದ್ದರೋ ಇಲ್ಲವೋ ಇಂದಿಗೂ ತೀರ್ಮಾನವಾಗಿಲ್ಲ. ಊರಲ್ಲಿ ಮಾತ್ರ ಕಳ್ಳ ಎಂಬ ಹೆಸರು ನಿಂತಿದೆ. ಬಂಧುಗಳೇ, ಲೆಕ್ಕವಿಲ್ಲದ ಕಡೆ ಕಳ್ಳನನ್ನು ಹಿಡಿಯಲಾಗುವುದಿಲ್ಲ ಎಂಬುದು ಅರ್ಧ ಮಾತು. ಪ್ರಾಮಾಣಿಕನನ್ನು ಉಳಿಸಲೂ ಆಗುವುದಿಲ್ಲ ಎಂಬುದು ಇನ್ನರ್ಧ. ಬಸವಣ್ಣನವರ ಮೇಲಿನ ದೂರು ನಿಲ್ಲಲಿಲ್ಲ, ಏಕೆಂದರೆ ಎಣಿಸಲು ಸಾಧ್ಯವಿತ್ತು.

ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕ ಎಂದು ಇರುತ್ತದೆ. ಪುಟಗಳಿಗೆ ಅಚ್ಚಿನ ಸಂಖ್ಯೆ ಇರುತ್ತದೆ, ಹರಿಯುವಂತಿಲ್ಲ. ತಪ್ಪಾದರೆ ಅಳಿಸುವಂತಿಲ್ಲ, ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಅಳತೆ ಬರೆಯುವವರು ಒಬ್ಬರು, ಮರು ಅಳತೆ ಮಾಡುವವರು ಮೇಲಿನವರು, ಹಣ ಮಂಜೂರು ಮಾಡುವವರು ಮತ್ತೊಬ್ಬರು. ಇಷ್ಟಿದ್ದೂ ಅಲ್ಲಿ ಭ್ರಷ್ಟಾಚಾರ ಇಲ್ಲವೇ ಎಂದು ನೀವು ಕೇಳುವಿರಿ. ಇದೆ. ಮೂವರೂ ಕೂಡಿಕೊಂಡರೆ ಯಾವ ಪುಸ್ತಕವೂ ಕಾಯದು. ಆದರೆ ಪುಸ್ತಕ ಇರುವುದರಿಂದಲೇ ಹತ್ತು ವರ್ಷದ ನಂತರವೂ ಪ್ರಶ್ನೆ ಕೇಳಲು ಸಾಧ್ಯ.

ನನ್ನ ಬಿನ್ನಹ ಮೂರು. ತರಿಸುವವರು, ಇಳಿಸಿಕೊಳ್ಳುವವರು, ಹಣ ಕೊಡುವವರು ಬೇರೆ ಬೇರೆಯಾಗಿರಲಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿ ನೋಂದಾಯಿತವಾದ ಸಂಸ್ಥೆಗಳಿಗೆ ವಾರ್ಷಿಕ ಸರ್ವಸದಸ್ಯರ ಸಭೆ ಕಡ್ಡಾಯ. ಅಲ್ಲಿ ಲೆಕ್ಕವನ್ನು ಓದಿ ಮುಗಿಸದೆ ಪ್ರಶ್ನೆಗೆ ಸಮಯ ಕೊಡಿ. ಮೂರನೆಯದು, ಅಡುಗೆಯವರು, ಕಾವಲುಗಾರರು, ಗುಮಾಸ್ತರು ತಿಂಗಳಿಗೊಮ್ಮೆ ಮಂಡಳಿಯ ಮುಂದೆ ನೇರವಾಗಿ ಮಾತನಾಡಲಿ. ಮಾತನಾಡಿದ್ದಕ್ಕೆ ಅವರ ಕೆಲಸ ಹೋಗದಂತೆ ಪೂಜ್ಯರು ಅಭಯ ಕೊಡಲಿ.

ಕೆಲಸವನ್ನು ಹತ್ತು ಜನರಿಗೆ ಹಂಚಬಹುದು, ಹೊಣೆಯನ್ನು ಹಂಚಿ ಕೈತೊಳೆದುಕೊಳ್ಳಲಾಗದು. ದಾಸೋಹ ಎಂದರೆ ಕೊಡುವುದು ಮಾತ್ರವಲ್ಲ. ಇದು ನನ್ನದಲ್ಲ ಎಂಬ ಅರಿವಿನಿಂದ ಕಾಯುವುದೂ ದಾಸೋಹವೇ. ನನ್ನದಲ್ಲದ್ದಕ್ಕೆ ಲೆಕ್ಕ ಒಪ್ಪಿಸಲು ನಾಚಿಕೆ ಏಕೆ?