ರೇಸಿಗೆ ಇಳಿದ ಲಿಥಿಯಂ

ಆಗುಂಬೆಯಿಂದ ಸೋಮೇಶ್ವರದ ಕಡೆ ಘಾಟಿ ಇಳಿಯುವಾಗ 14 ಹೇರ್‌ಪಿನ್ ತಿರುವುಗಳನ್ನು ದಾಟಬೇಕು. ಗಾಡಿ ಭಾರವಿದ್ದಷ್ಟೂ ಬ್ರೇಕಿಗೆ ಕೆಲಸ ಹೆಚ್ಚು, ತಿರುವಿನಲ್ಲಿ ಸಂಭಾಳಿಸುವುದು ಕಷ್ಟ. ಇದು ಈ ದಾರಿಯ ಚಾಲಕರಿಗೆಲ್ಲ ಗೊತ್ತು. ಮೋಟಾರ್ ರೇಸಿನವರ ಚಿಂತೆಯೂ ಇದೇ. ಎಂಜಿನ್, ಚಕ್ರ, ಸೀಟು ಎಲ್ಲವನ್ನೂ ಹಗುರ ಮಾಡುತ್ತ ಬಂದವರಿಗೆ ಬಹುಕಾಲ ಬಗ್ಗದೆ ಉಳಿದ ಭಾರಗಳಲ್ಲಿ ಸೀಸದ ಬ್ಯಾಟರಿಯೂ ಒಂದು.

ಸೀಸ ಮತ್ತು ಆಮ್ಲದ ಈ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ. ಲೋಹಗಳಲ್ಲೆಲ್ಲ ಹಗುರಾದ ಲಿಥಿಯಂ ಬಳಸುವ ದಾರಿ ತೆರೆದದ್ದು 1970ರ ದಶಕದಲ್ಲಿ, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅವರಿಂದ. 1980ರಲ್ಲಿ ಜಾನ್ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡ್ ತಂದರು, 1985ರಲ್ಲಿ ಅಕಿರಾ ಯೋಶಿನೊ ಅದನ್ನು ಬಳಕೆಗೆ ಒಗ್ಗಿಸಿದರು. 1991ರಲ್ಲಿ ಸೋನಿ ಕಂಪನಿ ಇಂಥ ಬ್ಯಾಟರಿಯನ್ನು ಮಾರುಕಟ್ಟೆಗೆ ಬಿಟ್ಟಿತು. ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ ಮೂವರಿಗೂ 2019ರಲ್ಲಿ ನೊಬೆಲ್ ಬಂತು.

ಆದರೆ ಕೋಬಾಲ್ಟ್ ಸೆಲ್ ವಿಪರೀತ ಕಾದರೆ ಆಮ್ಲಜನಕ ಬಿಡುತ್ತದೆ, ಹೊತ್ತಿಕೊಳ್ಳುತ್ತದೆ. ಇದಕ್ಕೊಂದು ಪರಿಹಾರ ಸಿಕ್ಕಿದ್ದು 1997ರಲ್ಲಿ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಗುಡ್‌ಇನಫ್ ಜೊತೆ ಎ.ಕೆ. ಪಾಧಿ ಮತ್ತು ಕೆ.ಎಸ್. ನಂಜುಂಡಸ್ವಾಮಿ ಲಿಥಿಯಂ ಐರನ್ ಫಾಸ್ಫೇಟ್ ಕುರಿತ ಪ್ರಬಂಧ ಪ್ರಕಟಿಸಿದರು. ಈ ಫಾಸ್ಫೇಟಿನಲ್ಲಿ ರಂಜಕ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಮೊದಮೊದಲು ವಿದ್ಯುತ್ ಸಲೀಸಾಗಿ ಹರಿಯುತ್ತಿರಲಿಲ್ಲ. ಕಣಗಳನ್ನು ಅತಿ ಸಣ್ಣದಾಗಿಸಿ, ಇಂಗಾಲದ ಲೇಪ ಕೊಟ್ಟ ಮೇಲೆ ಒಮ್ಮೆಗೇ ಭಾರೀ ಕರೆಂಟ್ ಕೊಡತೊಡಗಿತು. ಎಂಜಿನ್ ಸ್ಟಾರ್ಟ್ ಮಾಡಲು ಬೇಕಾದದ್ದೂ ಅದೇ. ತಲಾ 3.2 ವೋಲ್ಟಿನ ನಾಲ್ಕು ಸೆಲ್ ಜೋಡಿಸಿದರೆ 12.8 ವೋಲ್ಟ್, ಹಳೆ 12 ವೋಲ್ಟಿನ ಜಾಗಕ್ಕೆ ಸರಿಹೊಂದುತ್ತದೆ.

2010ರ ಹೊತ್ತಿಗೆ ಪೋರ್ಷೆ ತನ್ನ 911 ಜಿಟಿ3 ಕಾರಿಗೆ ಲಿಥಿಯಂ ಬ್ಯಾಟರಿ ಕೊಡಲು ಶುರುಮಾಡಿತು. ತೂಕ 6 ಕಿಲೋಗಿಂತ ಕಡಿಮೆ, ಸೀಸದ್ದಕ್ಕಿಂತ 10 ಕಿಲೋಗೂ ಹೆಚ್ಚು ಹಗುರ. ಬೆಲೆ ದುಬಾರಿ. ಚಳಿ ಹೆಚ್ಚಾದಾಗ ಇರಲಿ ಎಂದು ಸೀಸದ ಬ್ಯಾಟರಿಯನ್ನೂ ಜೊತೆಗೇ ಕೊಡುತ್ತಿದ್ದರು!

ಅದಕ್ಕೂ ಮುಂಚೆ, 2009ರಲ್ಲಿ ಫಾರ್ಮುಲಾ ಒನ್ ಮತ್ತೊಂದು ಹೆಜ್ಜೆ ಇಟ್ಟಿತು. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟು, ಪ್ರತಿ ಸುತ್ತಿಗೆ 400 ಕಿಲೋಜೂಲ್‌ನಷ್ಟು ಮರಳಿ ಬಳಸಲು ನಿಯಮ ಅವಕಾಶ ಕೊಟ್ಟಿತು. ಹಂಗೇರಿಯಲ್ಲಿ ಲೂಯಿಸ್ ಹ್ಯಾಮಿಲ್ಟನ್ ಈ ವ್ಯವಸ್ಥೆಯ ಕಾರಿನಲ್ಲಿ ಮೊದಲ ಗೆಲುವು ಕಂಡರು. ಆದರೆ ಆ ವರ್ಷದ ಚಾಂಪಿಯನ್ ಜೆನ್ಸನ್ ಬಟನ್ ಅವರ ಬ್ರಾನ್ ಕಾರಿನಲ್ಲಿ ಅದು ಇರಲೇ ಇಲ್ಲ. ಆ ವ್ಯವಸ್ಥೆಯ ಬ್ಯಾಟರಿ ತನ್ನ ತೂಕಕ್ಕೆ ತಕ್ಕ ಲಾಭ ಕೊಡುತ್ತದೆಂಬ ಖಾತರಿ ಆಗ ಎಲ್ಲರಿಗೂ ಇರಲಿಲ್ಲ.

ಲೆಕ್ಕ ಹಾಕಿ ನೋಡಿ: ಸಾವಿರ ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1.36 ಯೂನಿಟ್. ಅದು ಅಂದಿನ ಫಾರ್ಮುಲಾ ಒನ್ ಕಾರಿನ 12 ಸುತ್ತುಗಳ ಪಾಲು. ಘಾಟಿ ಇಳಿಯುವ ಎಲೆಕ್ಟ್ರಿಕ್ ಕಾರು ಅದರಲ್ಲೊಂದು ಭಾಗವನ್ನು ಬ್ಯಾಟರಿಗೆ ಮರಳಿಸಬಲ್ಲದು. ಬ್ಯಾಟರಿ ಪೂರ್ತಿ ತುಂಬಿದ್ದರೆ ಮಾತ್ರ ಅದಕ್ಕೆ ಜಾಗವಿರುವುದಿಲ್ಲ.

ಕರ್ನಾಟಕದ ಕಥೆ ರೇವಾ ಎಲೆಕ್ಟ್ರಿಕ್ ಕಾರಿನಿಂದ ಶುರುವಾಗುತ್ತದೆ. ಅಮೆರಿಕದಲ್ಲಿ ಓದುವಾಗ ಸೌರಕಾರು ಕಟ್ಟಿದ ತಂಡದಲ್ಲಿದ್ದ ಚೇತನ್ ಮೈನಿ, 2001ರಲ್ಲಿ ಬೆಂಗಳೂರಿನಿಂದ ರೇವಾ ಹೊರತಂದರು. ಸೀಟಿನ ಕೆಳಗೆ ತಲಾ 6 ವೋಲ್ಟಿನ 8 ಸೀಸದ ಬ್ಯಾಟರಿಗಳು. 2009ರಲ್ಲಿ ಅದಕ್ಕೂ ಲಿಥಿಯಂ ಬಂತು. ಮರುವರ್ಷ ಮಹೀಂದ್ರಾ ಆ ಕಂಪನಿಯ ಬಹುಪಾಲು ಷೇರು ಕೊಂಡಿತು. 2014ರಲ್ಲಿ ಬೀಜಿಂಗ್‌ನಲ್ಲಿ ಎಲೆಕ್ಟ್ರಿಕ್ ಕಾರುಗಳ ರೇಸ್ ಸರಣಿ ಫಾರ್ಮುಲಾ ಇ ಆರಂಭವಾದಾಗ ಮಹೀಂದ್ರಾ ತಂಡ ಕಣದಲ್ಲಿತ್ತು. ಒಂದು ಬ್ಯಾಟರಿ ರೇಸ್ ಮುಗಿಸಲು ಸಾಲದೆ, ಚಾಲಕರು ಅರ್ಧದಲ್ಲೇ ಇನ್ನೊಂದು ಕಾರು ಹತ್ತಬೇಕಿತ್ತು. 2018ರ ಕೊನೆಗೆ ಬಂದ ಹೊಸ ಕಾರಿನಲ್ಲಿ ಆ ತಾಪತ್ರಯ ತಪ್ಪಿತು. 2023ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲೂ ಈ ರೇಸ್ ನಡೆಯಿತು. ಅದಕ್ಕೆ ಕೆಲವೇ ತಿಂಗಳ ಮುಂಚೆ ಬೆಂಗಳೂರಿನ ಅಲ್ಟ್ರಾವಯೊಲೆಟ್ ಎಫ್77 ಎಲೆಕ್ಟ್ರಿಕ್ ಬೈಕ್ ಮಾರುಕಟ್ಟೆಗೆ ಬಂದಿತ್ತು.

ರೇಸಿನವರು ನೆಚ್ಚಿದ ಹಗುರ ಬ್ಯಾಟರಿ ಈಗ ಸಾಮಾನ್ಯ ಪೆಟ್ರೋಲ್ ಬೈಕಿಗೂ ಸಿಗುತ್ತದೆ. ಹಾಕಿಸುವ ಆಸೆಯಿದ್ದವರು ಮೊದಲು ಮೆಕ್ಯಾನಿಕ್ ಬಳಿ ಚಾರ್ಜಿಂಗ್ ವೋಲ್ಟೇಜ್ ನೋಡಿಸಿ. ನಾಲ್ಕು ಸೆಲ್‌ನ ಐರನ್ ಫಾಸ್ಫೇಟ್ ಬ್ಯಾಟರಿಗೆ 14.6 ವೋಲ್ಟ್ ಮೇಲ್ಮಿತಿ. ಅದನ್ನು ಮೀರುತ್ತಿದ್ದರೆ ರೆಗ್ಯುಲೇಟರ್ ಸರಿಮಾಡಿಸಿ. ಸೀಸದ ಬ್ಯಾಟರಿಯ ಹಳೆ ಚಾರ್ಜರನ್ನು ಇದಕ್ಕೆ ಹಚ್ಚಬೇಡಿ.