ಮಕ್ಕಳ ಆಸ್ಪತ್ರೆಗೆ ಬೇಕಾದ ಕೈಗಳು

ಆಸ್ಪತ್ರೆಯೆಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಬರುವುದು ಕಟ್ಟಡ. ಎತ್ತರವಾದ ಬಾಗಿಲು, ಉದ್ದವಾದ ಮೊಗಸಾಲೆ, ಸಾಲಾಗಿ ಹಾಕಿದ ಮಂಚಗಳು, ಗೋಡೆಯ ಕಲ್ಲಿನಲ್ಲಿ ದಾನಿಗಳ ಹೆಸರು, ಇವೇ ಆಸ್ಪತ್ರೆಯೆಂದು ನಾವು ಎಣಿಸುತ್ತೇವೆ. ಧರ್ಮಬುದ್ಧಿಯುಳ್ಳವರು ಹಣ ಕೊಡುವಾಗಲೂ ಕಟ್ಟಡಕ್ಕೋ ಯಂತ್ರಕ್ಕೋ ಕೊಡುವುದೇ ಹೆಚ್ಚು. ಅದು ಕಣ್ಣಿಗೆ ಕಾಣುತ್ತದೆ, ಹೆಸರು ಉಳಿಯುತ್ತದೆ. ಆದರೆ ಆ ಮಂಚದ ಬಳಿಯಲ್ಲಿ ನಡುರಾತ್ರಿ ಎಚ್ಚರವಾಗಿ ನಿಂತಿರುವ ದಾದಿಯ ಸಂಬಳವನ್ನು ಯಾರು ಕೊಡುವರು ಎಂಬ ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ. ಈ ಹೊತ್ತು ನಾವು ಆಲೋಚಿಸಬೇಕೆಂದಿರುವುದು ಆ ಪ್ರಶ್ನೆಯನ್ನೇ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ದೂರದೃಷ್ಟಿಯುಳ್ಳವರಾಗಿದ್ದರು. ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಇದು ತಿಳಿದಿದೆ. ದೇವಾಲಯವನ್ನು ಕಟ್ಟಿಸಿದವರು ಅಲ್ಲಿನ ಅರ್ಚಕರಿಗೂ ಪರಿಚಾರಕರಿಗೂ ಜೀವನಕ್ಕೆಂದು ಭೂಮಿಯನ್ನು ಬಿಟ್ಟರು. ಕೆರೆಯನ್ನು ಕಟ್ಟಿಸಿದವರು ಅದರ ಹೂಳೆತ್ತುವ ಬಂಡಿಯ ವೆಚ್ಚಕ್ಕೆ ದತ್ತಿ ಇಟ್ಟರು. ಕಲ್ಲು ತಾನಾಗಿ ಪೂಜೆ ಮಾಡದು, ಏರಿ ತಾನಾಗಿ ಹೂಳೆತ್ತದು ಎಂಬುದನ್ನು ಅವರು ಬಲ್ಲವರಾಗಿದ್ದರು. ಆಸ್ಪತ್ರೆಯ ಮಾತೂ ಅದೇ.

ಅದರಲ್ಲಿಯೂ ಮಕ್ಕಳ ಆಸ್ಪತ್ರೆಗೆ ಬೇಕಾಗುವ ಕೈಗಳು ದೊಡ್ಡವರ ಆಸ್ಪತ್ರೆಗಿಂತ ಹೆಚ್ಚು. ದೊಡ್ಡವನು ಬಾಯಾರಿದರೆ ನೀರು ಕೇಳುತ್ತಾನೆ, ನೋವಾದರೆ ಹೇಳುತ್ತಾನೆ. ಎಳೆಯ ಕೂಸು ಅಳುವುದೊಂದನ್ನೇ ಬಲ್ಲದು. ತೀರ ನಿತ್ರಾಣವಾದರೆ ಅದನ್ನೂ ಮರೆಯುತ್ತದೆ. ಹೊಳೆನರಸೀಪುರದ ಕಡೆಯ ಹಳೇಕೋಟೆಯಂತಹ ಹಳ್ಳಿಯಿಂದ ಒಬ್ಬ ತಾಯಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳೆಂದು ಇಟ್ಟುಕೊಳ್ಳೋಣ. ಕೂಸಿನ ತೂಕ ಒಂದೂವರೆ ಕಿಲೋ. ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಯ ಊರಿಗೆ ಬರುವಷ್ಟರಲ್ಲಿ ಅದರ ಮೈ ತಣ್ಣಗಾಗಿರುತ್ತದೆ. ವೈದ್ಯರು ನೋಡಿ ಔಷಧವನ್ನು ಬರೆಯುವುದು ಕೆಲವು ನಿಮಿಷಗಳ ಕೆಲಸ. ಆಮೇಲೆ ಆ ಕೂಸು ಬದುಕುವುದು ಬೆಚ್ಚಗಿಡುವ ಕೈಯಿಂದ, ತೊಳೆದ ಕೈಯಿಂದ, ಹನಿಹನಿಯಾಗಿ ಹಾಲನ್ನು ಹಾಕುವ ಕೈಯಿಂದ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡಬೇಕು. ಅಂತಹ ಕೂಸಿಗೆ ಎರಡು ಗಂಟೆಗೊಮ್ಮೆ ಹಾಲು ಹಾಕಬೇಕಾದರೆ ದಿನಕ್ಕೆ 12 ಸಾರಿ ಆಯಿತು. ಕೊಠಡಿಯಲ್ಲಿ 10 ಕೂಸುಗಳಿದ್ದರೆ 120 ಸಾರಿ. ಒಂದು ಸಾರಿಗೆ ಕಾಲು ಗಂಟೆಯೆಂದರೂ ಒಟ್ಟು 30 ಗಂಟೆಯ ಕೆಲಸ. ದಿನದಲ್ಲಿರುವುದು 24 ಗಂಟೆ ಮಾತ್ರ. ಇನ್ನು ದಾದಿಯರ ಲೆಕ್ಕ. ದಿನಕ್ಕೆ ಮೂರು ಪಾಳಿಯಂತೆ ವಾರಕ್ಕೆ 21 ಪಾಳಿ. ಒಬ್ಬರು ವಾರಕ್ಕೆ 6 ಪಾಳಿ ದುಡಿದರೆ, ಒಬ್ಬರು ನಿಲ್ಲಬೇಕಾದ ಒಂದೇ ಸ್ಥಳವನ್ನು ಹಗಲಿರುಳು ತುಂಬುವುದಕ್ಕೆ ಮೂರೂವರೆ ಮಂದಿ ಬೇಕು. ರಜ ಮತ್ತು ಕಾಯಿಲೆಗಳನ್ನು ಸೇರಿಸಿದರೆ ನಾಲ್ವರೂ ಸಾಲರು. ಬಡ ಆಸ್ಪತ್ರೆಯಲ್ಲಿ ಇಬ್ಬರು ದಾದಿಯರು ಕಡಮೆಯಾದರೆ ಅದು ಕಡತದಲ್ಲಿ ಬರಿಯ ಎರಡು ಖಾಲಿ ಜಾಗಗಳು. ಕೊಠಡಿಯಲ್ಲಿ ಮಾತ್ರ ಅದು ಹಾಲು ಕಾಣದೆ ಕಳೆದ ರಾತ್ರಿ. ಧರ್ಮಸಂಸ್ಥೆಯೊಂದು ಈ ಇಬ್ಬರ ಸಂಬಳವನ್ನು ವಹಿಸಿಕೊಂಡರೆ ಎಷ್ಟು ದೊಡ್ಡ ಉಪಕಾರವಾಗುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಬಗೆಯ ದಾನ ನಮ್ಮ ಸೀಮೆಗೆ ಹೊಸದಲ್ಲ. ಪುರುಷ ವೈದ್ಯರ ಬಳಿಗೆ ಹೋಗಲೊಲ್ಲದ ಹೆಂಗಸರಿಗಾಗಿ ಸ್ತ್ರೀವೈದ್ಯರನ್ನೂ ದಾದಿಯರನ್ನೂ ಸೂಲಗಿತ್ತಿಯರನ್ನೂ ತರಪೇತುಗೊಳಿಸಬೇಕೆಂದು 1885ರಲ್ಲಿ ಡಫರಿನ್ ನಿಧಿ ಹುಟ್ಟಿತು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನಿನವರು ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆಗಳನ್ನು ನಡೆಸಿದರು. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಅವುಗಳಲ್ಲೊಂದು. ಮೈಸೂರು ನಗರದಲ್ಲಿ 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಮತ್ತೊಂದು; ಜನರು ಅದನ್ನು ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತ ಬಂದಿದ್ದಾರೆ. ಅಲ್ಲಿಗೆ ಬಂದ ವೈದ್ಯರನ್ನೂ ದಾದಿಯರನ್ನೂ ಪೋಷಿಸಿದ್ದು ಬಹುಮಟ್ಟಿಗೆ ಸಮುದ್ರದಾಚೆಯ ಶ್ರದ್ಧಾವಂತರು ಕೂಡಿಸಿದ ಚಂದಾ ಹಣ. ಅವರ ಉದ್ದೇಶದಲ್ಲಿ ಮತಪ್ರಚಾರವೂ ಸೇರಿದ್ದಿತು. ಅದನ್ನು ಕುರಿತು ನಮ್ಮವರಲ್ಲಿ ಅಸಮಾಧಾನವಿದ್ದುದೂ ಸಹಜವೇ. ಹಾಗಿದ್ದರೂ ಅವರು ಮಾಡಿದ ಒಂದು ಕೆಲಸವನ್ನು ಮರೆಯುವಂತಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಭಾರತದಲ್ಲಿ ಶಿಕ್ಷಣ ಪಡೆದ ದಾದಿಯರಲ್ಲಿ ಹೆಚ್ಚಿನವರು ಮಿಷನ್ ಆಸ್ಪತ್ರೆಗಳಲ್ಲಿಯೇ ಕಲಿತು ಹೊರಬಂದವರು. ದಾದಿಯ ಕೆಲಸವನ್ನು ಕೀಳೆಂದು ಮರ್ಯಾದಸ್ಥರು ಹಿಂಜರಿಯುತ್ತಿದ್ದ ಕಾಲದಲ್ಲಿ ಆ ಕೆಲಸಕ್ಕೆ ಗೌರವವನ್ನು ತಂದುಕೊಟ್ಟವರು ಆ ಹೆಣ್ಣುಮಕ್ಕಳು.

ಮೈಸೂರಿನ ಆ ಮಿಷನ್ ಆಸ್ಪತ್ರೆಯಲ್ಲಿ ನಡೆದ ಸಂಗತಿಯೊಂದನ್ನು ಇಲ್ಲಿ ವಿವರವಾಗಿ ಹೇಳುವುದು ಉಚಿತ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಫ್ತರದಲ್ಲಿ ಬರೆದಿಡುವ ಪದ್ಧತಿಯಿದ್ದಿತು. ಹೆರಿಗೆಯ ಕೊಠಡಿಯ ಗದ್ದಲದ ನಡುವೆ, ಹೊತ್ತಲ್ಲದ ಹೊತ್ತಿನಲ್ಲಿ, ಕೂಸನ್ನು ತಕ್ಕಡಿಯಲ್ಲಿಟ್ಟು ತೂಗಿ, ಪಟ್ಟಿ ಹಿಡಿದು ಅಳೆದು, ತಪ್ಪದೆ ಬರೆಯುವುದೆಂದರೆ ಸುಲಭವಲ್ಲ. ಹೀಗೆ ಅಳೆಯುವುದರಿಂದ ಆ ಕ್ಷಣದಲ್ಲಿ ಯಾರಿಗೂ ದೊಡ್ಡ ಪ್ರಯೋಜನ ಕಾಣದು, ಹೊಗಳುವವರೂ ಇಲ್ಲ. ಆದರೂ ಆ ಕೆಲಸ ವರ್ಷ ವರ್ಷವೂ ನಡೆಯಿತು.

ಸುಮಾರು 60 ವರ್ಷಗಳಾದ ಮೇಲೆ ಆ ದಫ್ತರಗಳಿಗೆ ಬೆಲೆ ಬಂದಿತು. ತಾಯಿಯ ಗರ್ಭದಲ್ಲಿ ಸೊರಗಿದ ಕೂಸು ದೊಡ್ಡವನಾದ ಮೇಲೆ ಹೃದ್ರೋಗಕ್ಕೆ ಬೇಗ ಗುರಿಯಾಗುವುದೇ ಎಂದು ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಎಂಬ ವಿದ್ವಾಂಸರು ವಿಚಾರ ಮಾಡುತ್ತಿದ್ದರು. ಅವರೂ ಅವರ ಜತೆಗಾರರೂ ಮೈಸೂರಿನ ಈ ದಫ್ತರಗಳನ್ನು ಆಧಾರವಾಗಿಟ್ಟುಕೊಂಡು, 1934ರಿಂದ 1954ರ ವರೆಗೆ ಅಲ್ಲಿ ಹುಟ್ಟಿ ಆಸ್ಪತ್ರೆಯ ಸುತ್ತಮುತ್ತಲೇ ನೆಲಸಿದ್ದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ ಇದರ ಫಲ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ ಐದೂವರೆ ಪೌಂಡು ಅಥವಾ ಅದಕ್ಕೂ ಕಡಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿದ್ದಿತು. ಏಳು ಪೌಂಡು ಅಥವಾ ಅದಕ್ಕೂ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಕೂಸಿನ ತೂಕ ಕಡಮೆಯಾಗಿ, ಬಸುರಿಯಾಗಿದ್ದ ತಾಯಿಯ ತೂಕವೂ ನೂರು ಪೌಂಡಿಗೆ ಕಡಮೆಯಿದ್ದ ಕಡೆ ಅದು ನೂರಕ್ಕೆ 20ರ ವರೆಗೆ ಏರಿತ್ತು. ತಾಯಿಯ ಹಸಿವು ಮಗನ ನಡುವಯಸ್ಸಿನ ಎದೆಯಲ್ಲಿ ನೋವಾಗಿ ಕಾಣಿಸಿಕೊಳ್ಳಬಹುದೆಂಬುದಕ್ಕೆ ಹೆಸರು ತಿಳಿಯದ ದಾದಿಯರು ಬರೆದಿಟ್ಟ ಅಂಕಿಗಳು ಸಾಕ್ಷಿ ಹೇಳಿದುವು. ಕೈಗಳಿಗೆ ಕೊಟ್ಟ ದಾನ ಎಷ್ಟು ದೂರ ಹರಿಯುತ್ತದೆಂಬುದನ್ನು ದಾನಿಯೂ ಅರಿಯ, ದಾದಿಯೂ ಅರಿಯಳು.

ಕೈಗಳಿದ್ದರೆ ಯಂತ್ರದ ಕೊರತೆಯನ್ನೂ ಸ್ವಲ್ಪಮಟ್ಟಿಗೆ ತುಂಬಬಹುದು. ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ 1978ರಲ್ಲಿ, ಕಾವುಪೆಟ್ಟಿಗೆಗಳು ಸಾಲದೆ ಹೋದಾಗ, ವೈದ್ಯರು ದಿನ ತುಂಬದ ಕೂಸುಗಳನ್ನು ತಾಯಂದಿರ ಎದೆಗೇ ಅವಚಿ ಕಟ್ಟಿಸಿದರು. ತಾಯಿಯ ಮೈಶಾಖವೇ ಕಾವಾಯಿತು, ಎದೆಹಾಲು ಹತ್ತಿರವಾಯಿತು. ಇಂದು ಲೋಕವೆಲ್ಲ ಒಪ್ಪಿರುವ ಕ್ರಮ ಇದು. ಆದರೆ ಭಯಪಟ್ಟಿರುವ ಚೊಚ್ಚಲ ಬಾಣಂತಿಗೆ ಕೂಸನ್ನು ಹೇಗೆ ಹಿಡಿಯಬೇಕು, ಉಸಿರನ್ನು ಹೇಗೆ ಗಮನಿಸಬೇಕು ಎಂದು ಪಕ್ಕದಲ್ಲಿ ಕುಳಿತು ಹೇಳಿಕೊಡುವವರು ಬೇಕೇ ಬೇಕು. ಹಣ ವೆಚ್ಚವಿಲ್ಲದ ಚಿಕಿತ್ಸೆಗೂ ದಾದಿಯ ಸಂಬಳ ತಪ್ಪಿದ್ದಲ್ಲ.

ಇಷ್ಟು ಹೇಳಿದ ಮೇಲೆ ಇದರಲ್ಲಿರುವ ಅಪಾಯವನ್ನೂ ಮರೆಮಾಚಬಾರದು. ಧರ್ಮದ ಹಣ ಒಂದೆರಡು ವರ್ಷಕ್ಕೆ ಬಂದು ನಿಂತುಹೋಗಬಹುದು. ಕಟ್ಟಡಕ್ಕೆ ಕೊಟ್ಟವರು ಕೈಬಿಟ್ಟರೆ ಗೋಡೆಯಾದರೂ ಉಳಿಯುತ್ತದೆ. ಸಂಬಳಕ್ಕೆ ಕೊಟ್ಟವರು ಕೈಬಿಟ್ಟರೆ ಮರುದಿನವೇ ಕೊಠಡಿ ಬರಿದಾಗುತ್ತದೆ. ಒಂದೇ ಕೊಠಡಿಯಲ್ಲಿ ಸರ್ಕಾರದ ದಾದಿಗೆ ಒಂದು ಸಂಬಳ, ಧರ್ಮಸಂಸ್ಥೆಯ ದಾದಿಗೆ ಮತ್ತೊಂದು ಎಂದಾದರೆ ಮನಸ್ತಾಪ ಹುಟ್ಟುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆ. ಧರ್ಮಸಂಸ್ಥೆ ಕೈಗಳನ್ನು ಕೊಡುತ್ತಿದೆಯಲ್ಲ ಎಂದು ಆಳುವವರು ಖಾಲಿ ಜಾಗಗಳನ್ನು ತುಂಬದೆ ಸುಮ್ಮನಾಗಬಹುದು. ಊರುಗೋಲು ನಡೆಯುವುದಕ್ಕೆ ಸಹಾಯ ಮಾಡಬೇಕು, ಕಾಲನ್ನು ಮರೆಯಿಸಬಾರದು.

ನಮ್ಮ ಹಳೆಯ ಮೈಸೂರು ಸಂಸ್ಥಾನ ಈ ಹೊಣೆಯನ್ನು ದಾನಿಗಳ ಮೇಲೆಯೇ ಬಿಡಲಿಲ್ಲ. 1935ರಲ್ಲಿ ಬೆಂಗಳೂರಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಎಂದು ವಾಣಿವಿಲಾಸ ಆಸ್ಪತ್ರೆ ತೆರೆಯಿತು. ರೀಜೆಂಟರಾಗಿ ರಾಜ್ಯವನ್ನು ನಡೆಸಿದ್ದ ಮಹಾರಾಣಿಯವರ ಹೆಸರನ್ನು ಅದಕ್ಕಿಟ್ಟರು. ಮಕ್ಕಳ ಆರೋಗ್ಯ ರಾಜ್ಯದ ಕರ್ತವ್ಯವೆಂಬುದಕ್ಕೆ ಅದೊಂದು ಗುರುತು. ಆದಕಾರಣ ಧರ್ಮವೂ ರಾಜ್ಯವೂ ತಮ್ಮತಮ್ಮ ಪಾಲನ್ನು ಅರಿತು ನಡೆಯಬೇಕು. ದಾನ ಕೊಡುವವರು ಕೆಲವು ವರ್ಷಗಳಿಗಾದರೂ ಒಪ್ಪಿಕೊಂಡು ಕೊಡಲಿ. ಅವರು ಕಳುಹಿಸಿದವರು ಆಸ್ಪತ್ರೆಯ ಮೇಲ್ವಿಚಾರಕರ ಮಾತಿನಂತೆ ನಡೆಯಲಿ. ಹೊರಗಿನಿಂದ ಬಂದವರು ಆಯಾ ಜಿಲ್ಲೆಯ ಹೆಣ್ಣುಮಕ್ಕಳಿಗೆ ಕೆಲಸವನ್ನು ಕಲಿಸಿ ಹೋಗಲಿ. ಸರ್ಕಾರವು ವರ್ಷಕ್ಕಿಷ್ಟು ಜಾಗಗಳಂತೆ ಅವನ್ನು ತನ್ನ ವೆಚ್ಚಕ್ಕೆ ತೆಗೆದುಕೊಳ್ಳುವುದೆಂದು ಮೊದಲೇ ಕರಾರಾಗಲಿ. ಹಾಗಾದಲ್ಲಿ ದಾನ ಮುಗಿಯುವ ದಿನ ಕೊಠಡಿ ಬರಿದಾಗುವುದಿಲ್ಲ.

ನಮ್ಮಲ್ಲಿ ಅನೇಕರು ಮಕ್ಕಳ ಹುಟ್ಟುಹಬ್ಬಕ್ಕೂ ಹಿರಿಯರ ಸ್ಮರಣೆಗೂ ಆಸ್ಪತ್ರೆಗಳಲ್ಲಿ ಹಣ್ಣು ಹಂಚುವುದುಂಟು. ಅದು ಒಳ್ಳೆಯದೇ. ಆದರೆ ಹತ್ತು ಮನೆಯವರು ಸೇರಿದರೆ ಒಬ್ಬ ದಾದಿಯ ವರ್ಷದ ಸಂಬಳವನ್ನು ಕೊಡಬಹುದು. ಅದಕ್ಕೆ ಕಲ್ಲಿನಲ್ಲಿ ಹೆಸರು ಕೆತ್ತುವುದಿಲ್ಲ. ಹಳೇಕೋಟೆಯ ಆ ತಾಯಿಗೂ ನಿಮ್ಮ ಹೆಸರು ತಿಳಿಯದು. ಬೆಳಗಿನ ಜಾವ ಎರಡು ಗಂಟೆಗೆ ಅವಳು ಆಯಾಸದಿಂದ ಕಣ್ಣು ಮುಚ್ಚಿದ ಹೊತ್ತಿನಲ್ಲಿ, ಅವಳ ಕೂಸಿಗೆ ಹಾಲು ಹಾಕಲು ಒಂದು ಕೈ ಇರುತ್ತದೆ.